ಹೆತ್ತೂರಿನ ಗಾಳಿಯೂ ಬೆಳಕಿನ ಓಲೆಯೂ

ಹಾಸನದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಕಲೇಶಪುರಕ್ಕೆ ಬಂದವರಲ್ಲಿ ಹೆಚ್ಚಿನವರು ಹೇಮಾವತಿಯ ಸೇತುವೆಯನ್ನು ದಾಟಿ, ಮಂಜರಾಬಾದಿನ ಎಂಟು ಮೂಲೆಯ ಕೋಟೆಯನ್ನು ನೋಡಿಕೊಂಡು, ಶಿರಾಡಿಯ ಘಾಟಿಯನ್ನಿಳಿದು ಮುಂದಕ್ಕೆ ಹೊರಟುಹೋಗುವರು. ದಕ್ಷಿಣಕ್ಕೆ ತಿರುಗಿ ಹೆತ್ತೂರಿನ ದಾರಿಯನ್ನು ಹಿಡಿಯುವವರು ಕಡಮೆ. ಆ ದಾರಿಯು ಕಾಫಿಯ ತೋಟಗಳ ನೆರಳಿನಲ್ಲಿ ಸುತ್ತಿ ಸುಳಿದು, ಒಮ್ಮೆ ಬತ್ತದ ಗದ್ದೆಗಳ ಬಯಲಿಗಿಳಿದು, ಮತ್ತೊಮ್ಮೆ ಹುಲ್ಲಿನ ಬೋಳುಗುಡ್ಡಗಳ ಮಗ್ಗುಲನ್ನೇರಿ ಹೋಗುತ್ತದೆ. ಹೆತ್ತೂರು ದೊಡ್ಡ ಊರಲ್ಲ. ಹೋಬಳಿಯ ಕೇಂದ್ರವಾದುದರಿಂದ ಸುತ್ತಲಿನ ಹಳ್ಳಿಗಳವರು ಸಂತೆ ಸಾಮಾನಿಗೂ ಕಾಗದ ಪತ್ರಗಳ ಕೆಲಸಕ್ಕೂ ಇಲ್ಲಿಗೆ ಬಂದು ಹೋಗುತ್ತಾರೆ. ಮನೆಗಳು ಒಂದಕ್ಕೊಂದು ಒತ್ತಾಗಿಲ್ಲ. ತೋಟಕ್ಕೊಂದು, ಗುಡ್ಡಕ್ಕೊಂದು ಎಂಬಂತೆ ಚದುರಿಕೊಂಡಿವೆ. ಈ ಚದುರುವಿಕೆಯೇ ಇಲ್ಲಿನ ಸೊಬಗು. ಇಲ್ಲಿನ ಕಷ್ಟವೂ ಅದೇ.

ಹೆತ್ತೂರನ್ನು ಬಿಟ್ಟು ಬಿಸಿಲೆಯ ಕಡೆಗೆ ಸಾಗಿದರೆ ಮಂಕನಹಳ್ಳಿಯ ಬಳಿ ಒಂದು ದಿಣ್ಣೆಯುಂಟು. ಅಲ್ಲಿ ಬಿದ್ದ ಮಳೆಯ ನೀರು ಎರಡು ಪಾಲಾಗುವುದು. ಪೂರ್ವಕ್ಕೆ ಹರಿದದ್ದು ಹೇಮಾವತಿಯನ್ನು ಸೇರಿ, ಕಾವೇರಿಯೊಡನೆ ಬಂಗಾಳಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಹರಿದದ್ದು ಕುಮಾರಧಾರೆಯನ್ನು ಕೂಡಿ, ನೇತ್ರಾವತಿಯ ಮೂಲಕ ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ. ಇನ್ನೂ ಮುಂದೆ ಬಿಸಿಲೆಯ ಘಾಟಿಯ ನೆತ್ತಿಯಲ್ಲಿ ನಿಂತರೆ ಆಳವಾದ ಕಾಡಿನ ಕಣಿವೆಯೂ ಅದರಾಚೆಗೆ ೧,೭೧೨ ಮೀಟರ್ ಎತ್ತರದ ಕುಮಾರಪರ್ವತವೂ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಕೂಗಳತೆಯೆಂಬಂತೆ ತೋರುವ ಆ ಬೆಟ್ಟದ ಬುಡವನ್ನು ಕಾಲಿನಿಂದ ಮುಟ್ಟಬೇಕಾದರೆ ಕಾಡು, ಹಳ್ಳ, ಘಾಟಿಗಳನ್ನೆಲ್ಲ ಸುತ್ತಬೇಕು. ಮಲೆನಾಡಿನಲ್ಲಿ ನೋಟದ ದೂರ ಬೇರೆ, ನಡಿಗೆಯ ದೂರ ಬೇರೆ.

ಈ ದಾರಿಯಲ್ಲಿ ನಮ್ಮೊಡನೆ ಸ್ವಲ್ಪ ದೂರ ಬಂದ ವೃದ್ಧ ಬೆಳೆಗಾರರೊಬ್ಬರು ಎದುರಿನ ಬೆಟ್ಟವನ್ನು ತೋರಿಸಿ, “ಅದು ಹತ್ತಿರ ಬಂದಂತೆ ಕಂಡರೆ ಮಳೆಯೂ ಹತ್ತಿರ ಬಂತೆಂದೇ ಲೆಕ್ಕ, ಸ್ವಾಮಿ. ದೂರ ಸರಿದು ನಡುಗುತ್ತಿದ್ದರೆ ಬಿಸಿಲು ಗಟ್ಟಿ” ಎಂದರು. ಬೆಟ್ಟವು ನಡುಗುವುದೆಂದರೇನೆಂದು ಕೇಳಿದೆವು. “ಸುಗ್ಗಿಯ ಕಾಲದಲ್ಲಿ ಮಧ್ಯಾಹ್ನ ಕಾಫಿ ಒಣಗಿಸುವ ಕಣದ ಮೇಲಿಂದ ನೋಡಿ. ಆಚೆ ಬದಿಯ ಮರ, ಮನೆ ಎಲ್ಲವೂ ನೀರಿನೊಳಗೆ ನಿಂತಂತೆ ಅಲುಗುತ್ತವೆ” ಎಂದು ಅವರು ವಿವರಿಸಿದರು. ಬಳಿಕ ಮಾತು ಸಂಸಾರದ ಕಡೆಗೆ ತಿರುಗಿತು. ಮಗಳು ದೂರದೇಶದಲ್ಲಿರುವಳು. ಮಳೆಗಾಲದಲ್ಲಿ ಗುಡ್ಡ ಜರಿದು ತಂತಿ ಕಡಿದರೆ ವಾರಗಟ್ಟಲೆ ಅವಳ ಮುಖವನ್ನು ಕಾಣುವಂತಿಲ್ಲ, ಮಾತನ್ನು ಕೇಳುವಂತಿಲ್ಲ. “ಬೆಳಕಿನಲ್ಲಿ ಮಾತನ್ನು ಕಳುಹಿಸುವರಂತೆ. ಹಾಗಿದ್ದರೆ ಈ ಬೆಟ್ಟದಿಂದ ಆ ಬೆಟ್ಟಕ್ಕೆ ಒಂದು ದೀಪ ಹಾಯಿಸಿದರೆ ಸಾಲದೆ?” ಎಂದು ಅವರು ಕೇಳಿದ ಪ್ರಶ್ನೆಯು ಯೋಚಿಸತಕ್ಕ ಪ್ರಶ್ನೆಯೇ ಆಗಿತ್ತು. ಈ ಲೇಖನವು ಅದಕ್ಕೆ ಉತ್ತರವನ್ನು ಹುಡುಕುವ ಪ್ರಯತ್ನ.

ಬೆಟ್ಟದಿಂದ ಬೆಟ್ಟಕ್ಕೆ ಬೆಳಕನ್ನು ಹಾಯಿಸುವುದು ನಮ್ಮ ದೇಶಕ್ಕೆ ಹೊಸತಲ್ಲ. ೧೮೦೨ರಲ್ಲಿ ಮದರಾಸಿನ ಬಳಿ ನೆಲವನ್ನಳೆದು ತಮ್ಮ ಮಹಾ ಸರ್ವೇಕ್ಷಣವನ್ನು ಆರಂಭಿಸಿದ ಲ್ಯಾಂಬ್ಟನ್ ಎಂಬ ಅಧಿಕಾರಿಯು ಮೈಸೂರು ಸೀಮೆಯ ಬೆಟ್ಟಗಳ ನೆತ್ತಿಗಳನ್ನೇ ಮೆಟ್ಟಿಲುಗಳನ್ನಾಗಿ ಮಾಡಿಕೊಂಡು ಪಶ್ಚಿಮದ ಕರಾವಳಿಯವರೆಗೆ ತ್ರಿಕೋನಗಳ ಸರಪಳಿಯನ್ನು ಹೆಣೆದನು. ಒಂದು ಶಿಖರದಲ್ಲಿ ದುರ್ಬೀನನ್ನಿಟ್ಟು ಮತ್ತೊಂದು ಶಿಖರದ ಗುರುತನ್ನು ನೋಡಿ ಕೋನವನ್ನಳೆಯುವುದೇ ಆ ವಿದ್ಯೆ. ಆತನ ಬಳಿಕ ಆ ಕಾರ್ಯವನ್ನು ವಹಿಸಿಕೊಂಡ ಎವರೆಸ್ಟನು ಹಗಲಿನಲ್ಲಿ ಸೂರ್ಯನ ಬೆಳಕನ್ನು ಪುಟ್ಟ ಕನ್ನಡಿಯಿಂದ ಹಾಯಿಸುವ ಉಪಕರಣವನ್ನೂ ರಾತ್ರಿಯಲ್ಲಿ ದೀಪಗಳನ್ನೂ ಬಳಸಿದನು. ದೂರದ ಬೆಟ್ಟದಿಂದ ಬರುವ ಬೆಳಕು ನೇರವಾಗಿ ಬರುವುದಿಲ್ಲವೆಂಬುದೂ, ಗಾಳಿಯು ಅದನ್ನು ಬಾಗಿಸುವುದರಿಂದ ಬೆಟ್ಟದ ಎತ್ತರವೇ ತಪ್ಪಾಗಿ ಕಾಣುವುದೆಂಬುದೂ ಆ ಸರ್ವೇಯವರಿಗೆ ನಿತ್ಯದ ತೊಡಕಾಗಿತ್ತು.

ಬೆಳಕಿನ ಮೇಲೆ ಮಾತನ್ನು ಹೇರಿದ ಕೀರ್ತಿ ಟೆಲಿಫೋನನ್ನು ಕಂಡುಹಿಡಿದ ಗ್ರಹಾಂ ಬೆಲ್ಲನಿಗೆ ಸಲ್ಲುತ್ತದೆ. ೧೮೮೦ರಲ್ಲಿ ಆತನು ತೆಳುವಾದ ಕನ್ನಡಿಯೊಂದರ ಹಿಂದೆ ಮಾತನಾಡಿಸಿ, ಆ ಕನ್ನಡಿಯ ಕಂಪನದಿಂದ ಏರಿಳಿಯುವ ಬಿಸಿಲಿನ ಕಿರಣವನ್ನು ೨೧೩ ಮೀಟರ್ ದೂರಕ್ಕೆ ಕಳುಹಿಸಿ, ಅಲ್ಲಿ ಮತ್ತೆ ಧ್ವನಿಯಾಗಿ ಕೇಳಿಸಿದನು. ಆದರೆ ಮೋಡ ಬಂದರೆ ಮಾತು ನಿಲ್ಲುತ್ತಿತ್ತು. ೧೯೬೦ರಲ್ಲಿ ಲೇಸರ್ ಎಂಬ ಹೊಸ ಬೆಳಕು ಹುಟ್ಟಿದ ಮೇಲೆ ಸೂರ್ಯನ ಹಂಗು ತಪ್ಪಿತು. ಸಾಮಾನ್ಯ ದೀಪದ ಬೆಳಕು ಸಂತೆಯಿಂದ ಚದುರುವ ಜನದಂತೆ ನಾನಾ ದಿಕ್ಕಿಗೆ ಹೋಗುವುದಾದರೆ, ಲೇಸರಿನ ಬೆಳಕು ಹೆಜ್ಜೆ ಹಾಕುವ ಸೈನ್ಯದಂತೆ ಒಂದೇ ತಾಳದಲ್ಲಿ, ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಅದನ್ನು ಕ್ಷಣಕ್ಕೆ ಕೋಟ್ಯಂತರ ಬಾರಿ ಮಿನುಗಿಸಿ, ಆ ಮಿನುಗುಗಳಲ್ಲಿ ಮಾತು, ಬರಹ, ಚಿತ್ರಗಳನ್ನೆಲ್ಲ ಅಡಗಿಸಿ ಕಳುಹಿಸುವುದು ಈಗ ನಡೆದಿರುವ ಪದ್ಧತಿ. ನೆಲದಡಿಯಲ್ಲಿ ಹೂಳುವ ಗಾಜಿನ ಎಳೆಯೊಳಗೆ ಹರಿಯುವುದೂ ಇದೇ ಬೆಳಕು. ಎಳೆಯನ್ನೇ ಬಿಟ್ಟು ಬರಿಯ ಗಾಳಿಯಲ್ಲಿ ಅದನ್ನು ಹಾಯಿಸಬಹುದೇ ಎಂಬುದು ನಮ್ಮ ಬೆಳೆಗಾರರ ಪ್ರಶ್ನೆಯ ತಿರುಳು.

ಇಲ್ಲಿ ಗಾಳಿಯು ಅಡ್ಡ ಬರುತ್ತದೆ. ನಮ್ಮ ಕಣ್ಣಿಗೆ ಬರಿದಾಗಿ ತೋರುವ ಗಾಳಿಯು ಬೆಳಕಿಗೆ ಬರಿದಲ್ಲ. ಪಾತ್ರೆಯ ನೀರಿನಲ್ಲಿಟ್ಟ ಸೌಟು ಮುರಿದಂತೆ ಕಾಣುವುದನ್ನು ಗೃಹಿಣಿಯರೆಲ್ಲ ಬಲ್ಲರು. ಬೆಳಕು ಒಂದು ವಸ್ತುವಿನಿಂದ ಮತ್ತೊಂದಕ್ಕೆ ದಾಟುವಾಗ ಬಾಗುವುದರ ಫಲವದು. ಬಿಸಿಗಾಳಿಯೂ ತಣ್ಣನೆಯ ಗಾಳಿಯೂ ಬೆಳಕಿನ ಪಾಲಿಗೆ ಎರಡು ಬೇರೆ ವಸ್ತುಗಳೇ ಸರಿ. ಉಷ್ಣವು ಒಂದು ಡಿಗ್ರಿಯಷ್ಟು ಹೆಚ್ಚಿದರೆ ಗಾಳಿಯು ಬೆಳಕನ್ನು ಬಾಗಿಸುವ ಪ್ರಮಾಣದಲ್ಲಿ ಹತ್ತು ಲಕ್ಷಕ್ಕೆ ಸುಮಾರು ಒಂದು ಪಾಲಿನ ವ್ಯತ್ಯಾಸ ಬರುತ್ತದೆ. ಇದು ಅತ್ಯಲ್ಪವೆಂದು ತೋರಬಹುದು. ಆದರೆ ಒಂದು ಮೀಟರ್ ಅಗಲದ ಗಾಳಿಯ ಸುಳಿಯೊಂದು ಸುತ್ತಲಿಗಿಂತ ಒಂದು ಡಿಗ್ರಿ ಬಿಸಿಯಾಗಿದ್ದರೆ, ಅದನ್ನು ಹಾದುಹೋದ ಬೆಳಕು ನೆರೆಯ ಬೆಳಕಿಗಿಂತ ಒಂದು ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಮುಂದಾಗುತ್ತದೆ. ಸಂದೇಶಗಳಿಗೆ ಬಳಸುವ ಬೆಳಕಿನ ಅಲೆಯ ಉದ್ದವೇ ಸುಮಾರು ಒಂದೂವರೆ ಮೈಕ್ರಾನ್. ಒಂದೇ ಸುಳಿಯಿಂದ ಸೈನ್ಯದ ಸಾಲು ಇಷ್ಟು ಕೆಡುವುದಾದರೆ, ಕಣಿವೆಯುದ್ದಕ್ಕೂ ಇರುವ ಸಾವಿರಾರು ಸುಳಿಗಳನ್ನು ದಾಟಿದ ಮೇಲೆ ಅದರ ಗತಿಯೇನೆಂಬುದನ್ನು ಓದುಗರೇ ಊಹಿಸಬಹುದು.

ಈ ಸುಳಿಗಳು ಹುಟ್ಟುವ ಬಗೆಯನ್ನು ರಷ್ಯ ದೇಶದ ಗಣಿತಜ್ಞ ಕೊಲ್ಮೊಗೊರೋವನು ೧೯೪೧ರಲ್ಲಿ ವಿವರಿಸಿದನು. ದೊಡ್ಡ ಸುಳಿಯು ಒಡೆದು ಸಣ್ಣ ಸುಳಿಗಳಾಗುತ್ತದೆ, ಅವು ಒಡೆದು ಇನ್ನೂ ಸಣ್ಣವಾಗುತ್ತವೆ, ಕಡೆಗೆ ಆ ಚಲನೆಯೆಲ್ಲ ಬಿಸಿಯಾಗಿ ಕರಗಿಹೋಗುತ್ತದೆ. ಹೆತ್ತೂರಿನ ಸುತ್ತಲಿನಂತಹ ಪ್ರದೇಶದಲ್ಲಿ ಇದಕ್ಕೆ ಎಲ್ಲ ಅನುಕೂಲಗಳೂ ಇವೆ. ಬೋಳುಗುಡ್ಡದ ಹುಲ್ಲು ಬೇಗನೆ ಕಾಯುತ್ತದೆ, ತೋಟದ ನೆರಳು ತಣ್ಣಗಿರುತ್ತದೆ, ಗದ್ದೆಯ ನೀರು ತನ್ನದೇ ಗತಿಯಲ್ಲಿ ಬಿಸಿಯಾಗುತ್ತದೆ. ಬೆಳಗ್ಗೆ ಕಣಿವೆಯಿಂದ ಮೇಲಕ್ಕೆ ಹೊರಟ ಗಾಳಿ ಸಂಜೆಯಾದ ಮೇಲೆ ಗುಡ್ಡದಿಂದ ಕೆಳಕ್ಕೆ ಜಾರುತ್ತದೆ. ಈ ಎರಡರ ನಡುವೆ, ಸೂರ್ಯೋದಯವಾದ ಸ್ವಲ್ಪ ಹೊತ್ತಿಗೂ ಸೂರ್ಯಾಸ್ತಕ್ಕೆ ಸ್ವಲ್ಪ ಮೊದಲೂ, ನೆಲವೂ ಗಾಳಿಯೂ ಸಮಾನ ಉಷ್ಣದಲ್ಲಿದ್ದು, ನೋಟವು ನಿಶ್ಚಲವಾಗುವ ಕಾಲವೊಂದು ಬರುತ್ತದೆ. ಮಧ್ಯಾಹ್ನದಲ್ಲಿ ನಡುಗುವ ಬೆಟ್ಟವು ಆಗ ಕೊರೆದಿಟ್ಟಂತೆ ನಿಲ್ಲುವುದು. ಮಳೆಗೆ ಮುಂಚೆ ಬೆಟ್ಟವು ಹತ್ತಿರ ಕಾಣುವುದೆಂಬ ವೃದ್ಧರ ಮಾತಿನಲ್ಲಿಯೂ ಹುರುಳಿದೆ. ಗಾಳಿಯಲ್ಲಿನ ಧೂಳು ಮುಸುಕುಗಳು ಕಡಮೆಯಾಗಿ, ಮೋಡದಿಂದ ನೆಲದ ಕಾವು ತಗ್ಗಿದಾಗ ದೂರದ ವಸ್ತುವು ಸ್ಪಷ್ಟವಾಗುವುದು ಸಹಜ.

ಗಾಳಿಯ ಈ ಕಾಟವನ್ನು ಮೊದಲು ತೀವ್ರವಾಗಿ ಅನುಭವಿಸಿದವರು ಖಗೋಳಶಾಸ್ತ್ರಜ್ಞರು. ನಕ್ಷತ್ರಗಳು ಮಿನುಗುವುದನ್ನು ಮಕ್ಕಳು ಮೆಚ್ಚುವರು. ದುರ್ಬೀನಿನ ಹಿಂದೆ ಕುಳಿತವನಿಗೆ ಅದು ಶಾಪ. ನ್ಯೂಟನ್ನನು ೧೭೦೪ರಲ್ಲಿ ಪ್ರಕಟಿಸಿದ ತನ್ನ ಬೆಳಕಿನ ಗ್ರಂಥದಲ್ಲಿ, ದುರ್ಬೀನನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಗಾಳಿಯ ನಡುಕದಿಂದಾಗುವ ಗೊಂದಲವನ್ನು ಕಳೆಯಲಾಗದೆಂದೂ, ಅತ್ಯುನ್ನತ ಪರ್ವತಗಳ ತುದಿಯ ಪ್ರಶಾಂತವಾದ ಗಾಳಿಯೊಂದೇ ಅದಕ್ಕೆ ಮದ್ದೆಂದೂ ಹೇಳಿದನು. ಅಂದಿನಿಂದ ವೀಕ್ಷಣಾಲಯಗಳು ಬೆಟ್ಟಗಳನ್ನೇರುತ್ತಲೇ ಬಂದಿವೆ. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ ಸುಮಾರು ೪,೫೦೦ ಮೀಟರ್ ಎತ್ತರದಲ್ಲಿ ವೀಕ್ಷಣಾಲಯವನ್ನಿಟ್ಟಿರುವುದಕ್ಕೂ ಇದೇ ಕಾರಣ.

ಬೆಟ್ಟವೇರುವುದಲ್ಲದೆ ಬೇರೆ ಉಪಾಯವೂ ಉಂಟೆಂದು ೧೯೫೩ರಲ್ಲಿ ಅಮೆರಿಕದ ಖಗೋಳಜ್ಞ ಹೊರೇಸ್ ಬ್ಯಾಬ್‌ಕಾಕನು ಸೂಚಿಸಿದನು. ಗಾಳಿಯು ಬೆಳಕನ್ನು ಎಲ್ಲಿ, ಎಷ್ಟು ಕೆಡಿಸಿದೆಯೆಂಬುದನ್ನು ಆಗಿಂದಾಗ್ಗೆ ಅಳೆದು, ಅದಕ್ಕೆ ಸರಿಯಾಗಿ ವಿರುದ್ಧವಾದ ಕೆಡುಕನ್ನು ಕನ್ನಡಿಯಲ್ಲಿ ನಾವೇ ಮಾಡಿದರೆ, ಎರಡೂ ಕೂಡಿ ಬೆಳಕು ನೆಟ್ಟಗಾಗಬೇಕೆಂಬುದು ಅವನ ತರ್ಕ. ಆ ಕಾಲದ ಯಂತ್ರಗಳಿಗೆ ಅಷ್ಟು ಚುರುಕು ಇರಲಿಲ್ಲ. ಮುಂದೆ ಸೇನೆಯವರು ಗುಟ್ಟಾಗಿಯೂ ಖಗೋಳಜ್ಞರು ಬಹಿರಂಗವಾಗಿಯೂ ಇದನ್ನು ಬೆಳೆಸಿದರು. ೧೯೮೯ರಲ್ಲಿ ಫ್ರಾನ್ಸಿನ ಓತ್ ಪ್ರೊವಾನ್ಸ್ ವೀಕ್ಷಣಾಲಯದ ದುರ್ಬೀನೊಂದು ಈ ಉಪಾಯದಿಂದ ನಕ್ಷತ್ರಗಳನ್ನು ಮೊನಚಾಗಿ ತೋರಿಸಿತು. ಇದಕ್ಕೆ ಅಡಾಪ್ಟಿವ್ ಆಪ್ಟಿಕ್ಸ್ ಎಂದು ಹೆಸರು. ಹೊಂದಿಕೊಳ್ಳುವ ಕನ್ನಡಿಯ ವಿದ್ಯೆ ಎಂದು ನಾವು ಕರೆಯಬಹುದು.

ಇದು ಕೆಲಸ ಮಾಡುವ ಕ್ರಮವನ್ನು ಅಡಿಗೆಮನೆಯ ಒಂದು ವಸ್ತುವಿನಿಂದ ತಿಳಿಯಬಹುದು. ಪಡ್ಡು ಬೇಯಿಸುವ ಹಂಚಿನಲ್ಲಿ ಸಾಲುಸಾಲಾಗಿ ಗುಳಿಗಳಿರುತ್ತವಷ್ಟೆ. ಹಾಗೆಯೇ ಪುಟ್ಟ ಪುಟ್ಟ ಮಸೂರಗಳನ್ನು ಸಾಲಾಗಿ ಜೋಡಿಸಿದ ಒಂದು ಫಲಕವನ್ನು ಬರುವ ಬೆಳಕಿಗೆ ಒಡ್ಡುತ್ತಾರೆ. ಒಂದೊಂದು ಮಸೂರವೂ ಹಿಂದಿನ ತೆರೆಯ ಮೇಲೆ ಒಂದೊಂದು ಬೆಳಕಿನ ಚುಕ್ಕೆಯನ್ನು ಬೀಳಿಸುತ್ತದೆ. ಅಲೆಯು ಸಮತಟ್ಟಾಗಿ ಬಂದರೆ ಚುಕ್ಕೆಗಳೆಲ್ಲ ರಂಗೋಲಿಯ ಚುಕ್ಕೆಗಳಂತೆ ಒಪ್ಪವಾಗಿ ನಿಲ್ಲುವುವು. ಗಾಳಿಯು ಅಲೆಯನ್ನು ಸುಕ್ಕಾಗಿಸಿದ್ದರೆ ಕೆಲವು ಚುಕ್ಕೆಗಳು ಎಡಕ್ಕೂ ಕೆಲವು ಬಲಕ್ಕೂ ಸರಿಯುವುವು. ಯಾವ ಚುಕ್ಕೆ ಎತ್ತ ಸರಿಯಿತೆಂಬುದರಿಂದ ಸುಕ್ಕಿನ ಆಕಾರವನ್ನು ಗಣಕಯಂತ್ರವು ಲೆಕ್ಕಹಾಕುತ್ತದೆ. ಬೆಳಕನ್ನು ತಿರುಗಿಸುವ ತೆಳುಗನ್ನಡಿಯ ಬೆನ್ನಿಗೆ ಹತ್ತಾರು, ಕೆಲವೆಡೆ ನೂರಾರು, ಸಣ್ಣ ತಳ್ಳುಗೋಲುಗಳನ್ನು ಕೂಡಿಸಿರುತ್ತಾರೆ. ಅವು ಕನ್ನಡಿಯನ್ನು ಮೈಕ್ರಾನುಗಳ ಲೆಕ್ಕದಲ್ಲಿ ಇಲ್ಲಿ ಉಬ್ಬಿಸಿ ಅಲ್ಲಿ ತಗ್ಗಿಸಿ ಸುಕ್ಕನ್ನು ಬಿಡಿಸುತ್ತವೆ. ಗಾಳಿಯು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಈ ಅಳತೆಯೂ ತಿದ್ದುಪಡಿಯೂ ಸೆಕೆಂಡಿಗೆ ನೂರಾರು ಬಾರಿ, ಕೆಲವು ಯಂತ್ರಗಳಲ್ಲಿ ಸಾವಿರಕ್ಕೂ ಮಿಗಿಲಾಗಿ, ನಡೆಯಬೇಕು. ನಿನ್ನೆಯ ಲೆಕ್ಕ ಇಂದಿಗೆ ಬಾರದು. ಈ ಕ್ಷಣದ ಲೆಕ್ಕ ಮುಂದಿನ ಕ್ಷಣಕ್ಕೂ ಬಾರದು.

ಲೇಸರಿನ ಸಂದೇಶಕ್ಕೆ ಇಷ್ಟು ಶ್ರಮವೇಕೆಂದರೆ, ಬಂದ ಬೆಳಕನ್ನು ಕಡೆಗೆ ಗಾಜಿನ ಎಳೆಯೊಂದರ ನಡುವಿನ ತಿರುಳಿಗೆ ಇಳಿಸಬೇಕು. ಆ ತಿರುಳಿನ ಅಗಲ ಕೂದಲೆಳೆಗಿಂತ ಬಹಳ ಸಣ್ಣದು, ಹತ್ತು ಮೈಕ್ರಾನಿನ ಆಸುಪಾಸು. ಸುಕ್ಕಾದ ಬೆಳಕು ಹರಡಿಕೊಂಡು ಎಳೆಯ ಹೊರಗೆ ಚೆಲ್ಲಿಹೋಗುತ್ತದೆ; ನೆಟ್ಟಗಾದ ಬೆಳಕು ಒಂದೇ ಬಿಂದುವಾಗಿ ಒಳಹೊಗುತ್ತದೆ. ಅಮೆರಿಕದ ಅಂತರಿಕ್ಷ ಸಂಸ್ಥೆಯಾದ ನಾಸಾದವರು ೨೦೨೧ರ ಡಿಸೆಂಬರಿನಲ್ಲಿ ಮೇಲಕ್ಕೆ ಕಳುಹಿಸಿದ ಲೇಸರ್ ಸಂದೇಶದ ಯಂತ್ರವು ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ನೆಲೆಸಿತು. ಅದರೊಡನೆ ಮಾತನಾಡಲು ಕ್ಯಾಲಿಫೋರ್ನಿಯದ ಟೇಬಲ್ ಪರ್ವತದಲ್ಲಿಯೂ ಹವಾಯಿ ದ್ವೀಪಗಳ ಹಲೆಯಕಲಾ ಪರ್ವತದಲ್ಲಿಯೂ ನಿಲ್ದಾಣಗಳನ್ನು ಕಟ್ಟಿ, ಎರಡರಲ್ಲಿಯೂ ಹೊಂದಿಕೊಳ್ಳುವ ಕನ್ನಡಿಗಳನ್ನಿಟ್ಟರು. ಒಂದೆಡೆ ಮೋಡ ಕವಿದರೆ ಮತ್ತೊಂದೆಡೆ ತೆರವಿರಲೆಂಬುದು ಎರಡು ನಿಲ್ದಾಣಗಳ ಉದ್ದೇಶ.

ನಮ್ಮ ನಾಡಿನವರೂ ಕೈಕಟ್ಟಿ ಕುಳಿತಿಲ್ಲ. ಸರ್ ಸಿ. ವಿ. ರಾಮನ್ ಅವರು ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾಲಯದ ವಿಜ್ಞಾನಿಗಳು ೨೦೨೧ರಲ್ಲಿ ತಮ್ಮ ಆವರಣದ ಎರಡು ಕಟ್ಟಡಗಳ ನಡುವೆ ತೆರೆದ ಗಾಳಿಯಲ್ಲಿಯೇ ಬೆಳಕಿನ ಕಣಗಳಿಂದ ಗುಪ್ತಸಂಕೇತವನ್ನು ಕಳುಹಿಸಿ ತೋರಿಸಿದರು. ಅದೇ ವರ್ಷದ ಮಾರ್ಚಿಯಲ್ಲಿ ಇಸ್ರೋ ಸಂಸ್ಥೆಯವರು ಅಹಮದಾಬಾದಿನಲ್ಲಿ ೩೦೦ ಮೀಟರ್ ದೂರಕ್ಕೆ ಇಂತಹುದೇ ಪ್ರಯೋಗವನ್ನು ನಡೆಸಿದರು. ಪುಣೆಯ ಖಗೋಳ ಸಂಸ್ಥೆಯವರು ಅಮೆರಿಕದವರೊಡನೆ ಕೂಡಿ, ತಾನೇ ತಾನಾಗಿ ಕೆಲಸ ಮಾಡುವ ಹೊಂದಿಕೊಳ್ಳುವ ಕನ್ನಡಿಯ ಯಂತ್ರವೊಂದನ್ನು ನಿರ್ಮಿಸಿರುವರು.

ಈಗ ಹೆತ್ತೂರಿನ ಪ್ರಶ್ನೆಗೆ ಬರೋಣ. ಮೂವತ್ತಾರು ಸಾವಿರ ಕಿಲೋಮೀಟರಿನಿಂದ ಬರುವ ಬೆಳಕನ್ನು ತಿದ್ದಬಲ್ಲವರಿಗೆ ಹತ್ತು ಕಿಲೋಮೀಟರಿನ ಕಣಿವೆ ಯಾವ ಲೆಕ್ಕವೆಂದು ಯಾರಿಗಾದರೂ ತೋರಬಹುದು. ವಸ್ತುಸ್ಥಿತಿ ಹಾಗಿಲ್ಲ. ಮೇಲಿನಿಂದ ಬರುವ ಬೆಳಕಿನ ದಾರಿಯಲ್ಲಿ ಬಹುಪಾಲು ಶೂನ್ಯವೇ. ದಟ್ಟ ಗಾಳಿ ಸಿಕ್ಕುವುದು ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಮಾತ್ರ. ನಮ್ಮ ತಲೆಯ ಮೇಲಿರುವ ಗಾಳಿಯನ್ನೆಲ್ಲ ನೆಲಮಟ್ಟದ ಸಾಂದ್ರತೆಗೆ ಒತ್ತಿದರೆ ಅದರ ಎತ್ತರ ಸುಮಾರು ಎಂಟು ಕಿಲೋಮೀಟರ್ ಆಗುವುದು. ಆದುದರಿಂದ ಹತ್ತು ಕಿಲೋಮೀಟರಿನ ಕಣಿವೆಯನ್ನು ಅಡ್ಡಲಾಗಿ ದಾಟುವ ಬೆಳಕು ಇಡೀ ಆಕಾಶವನ್ನು ದಾಟಿದಷ್ಟೇ ಗಾಳಿಯನ್ನು ದಾಟಬೇಕು. ಅದೂ ನೆಲದ ಕಾವಿನಿಂದ ಹೆಚ್ಚು ಕಲಕಿದ ಗಾಳಿಯನ್ನು. ಇಂತಹ ದಾರಿಯಲ್ಲಿ ಬೆಳಕು ಸುಕ್ಕಾಗುವುದಷ್ಟೇ ಅಲ್ಲ, ಅಲ್ಲಲ್ಲಿ ಆರಿಯೂ ಹೋಗುತ್ತದೆ. ಸುಕ್ಕನ್ನು ಬಿಡಿಸಬಹುದು, ಬಾರದೆ ಹೋದ ಬೆಳಕನ್ನು ಕನ್ನಡಿಯು ತರಲಾರದು. ಆದುದರಿಂದಲೇ ದೂರವನ್ನು ಮಿತಿಯಲ್ಲಿಟ್ಟು, ದೀಪವನ್ನು ನೆಲದ ಕಾವಿನಿಂದ ಮೇಲೆ, ಗುಡ್ಡದ ನೆತ್ತಿಯಲ್ಲಿಡುವುದು ಉಚಿತ.

ಹೀಗೆ ಮಿತಿಯರಿತು ಮಾಡಿದ ಕೆಲಸವು ಫಲಿಸಿರುವ ಉದಾಹರಣೆಯೂ ಉಂಟು. ಆಫ್ರಿಕದ ಕಾಂಗೋ ನದಿಯ ಎರಡು ದಡಗಳಲ್ಲಿ ಬ್ರಾಝವಿಲ್ ಮತ್ತು ಕಿನ್ಷಾಸ ಎಂಬ ಎರಡು ರಾಜಧಾನಿಗಳು ಎದುರುಬದುರಾಗಿವೆ. ನೇರ ನೋಟಕ್ಕೆ ದೂರ ಐದು ಕಿಲೋಮೀಟರಿಗೂ ಕಡಮೆ. ಆದರೆ ನದಿಯನ್ನು ಸುತ್ತಿಕೊಂಡು ತಂತಿಯನ್ನೆಳೆಯಲು ನಾನೂರು ಕಿಲೋಮೀಟರಿಗಿಂತ ಹೆಚ್ಚು ಬೇಕಾಗುತ್ತಿತ್ತು. ಟಾರಾ ಎಂಬ ಹೆಸರಿನ ತಂಡದವರು ೨೦೨೧ರಲ್ಲಿ ನದಿಯ ಮೇಲೆಯೇ ಬೆಳಕನ್ನು ಹಾಯಿಸಿ ಎರಡು ನಗರಗಳನ್ನೂ ಕೂಡಿಸಿದರು. ಅವರ ಯಂತ್ರದಲ್ಲಿ ಕನ್ನಡಿಗಳು ಮುಖ್ಯವಾಗಿ ಕಿರಣವನ್ನು ಗುರಿತಪ್ಪದಂತೆ ಹಿಡಿದಿಡುತ್ತವೆ. ನೋಟದ ದೂರ ಬೇರೆ, ನಡಿಗೆಯ ದೂರ ಬೇರೆ ಎಂಬ ಮಲೆನಾಡಿನ ಲೆಕ್ಕವೇ ಅಲ್ಲಿಯೂ ಇದ್ದಿತೆಂಬುದನ್ನು ಗಮನಿಸಬೇಕು.

ಆದರೆ ಹೆತ್ತೂರಿಗೆ ಕಾಂಗೋ ನದಿಯ ದಡಕ್ಕಿಲ್ಲದ ಒಂದು ತೊಡಕಿದೆ. ಅದು ನಮ್ಮ ಮಳೆಗಾಲದ ಮಂಜು. ಜೂನಿನಿಂದ ಸೆಪ್ಟೆಂಬರಿನವರೆಗೆ ಎದುರಿನ ಗುಡ್ಡವಿರಲಿ, ಅಂಗಳದಾಚೆಯ ಮರವೂ ಕಾಣದ ದಿನಗಳುಂಟು. ಬೆಳಕಿನ ಕಿರಣಕ್ಕೆ ಜೋರುಮಳೆಗಿಂತ ಮಂಜೇ ದೊಡ್ಡ ಶತ್ರು. ಮಳೆಯ ಹನಿಗಳು ದಪ್ಪವಾದರೂ ವಿರಳ. ಮಂಜಿನ ಕಣಗಳು ಸೂಕ್ಷ್ಮವಾದರೂ ಎಣಿಕೆಗೆ ಮೀರಿದವು. ಅವು ಬೆಳಕನ್ನು ದಿಕ್ಕುದಿಕ್ಕಿಗೆ ಎರಚಿಬಿಡುತ್ತವೆ. ಎರಚಿಹೋದದ್ದನ್ನು ಯಾವ ಕನ್ನಡಿಯೂ ಕೂಡಿಸಿ ತರಲಾರದು. ಗುಡ್ಡ ಜರಿದು ತಂತಿ ಕಡಿಯುವುದೂ ಆ ತಿಂಗಳುಗಳಲ್ಲಿಯೇ. ೨೦೨೪ರ ಜುಲೈಯಲ್ಲಿ ಎಡಕುಮೇರಿಯ ಬಳಿ ರೈಲುಹಾದಿಯ ಕೆಳಗಿನ ಮಣ್ಣು ಕುಸಿದು ಸಂಚಾರವು ನಿಂತುಹೋದುದನ್ನು ಓದುಗರು ನೆನೆಯಬಹುದು. ನಮಗೆ ಬೆಳಕು ಅತ್ಯಂತ ಬೇಕಾದ ಕಾಲದಲ್ಲಿಯೇ ಅದು ಕೈಕೊಡಬಹುದಾದ ಕಾಲವೂ ಆಗಿದೆ.

ಹಾಗಾದರೆ ವೃದ್ಧರ ಪ್ರಶ್ನೆಗೆ ಉತ್ತರವೇನು? ದೀಪವೊಂದೇ ಸಾಲದು, ಆದರೆ ದೀಪವು ವ್ಯರ್ಥವೂ ಅಲ್ಲ. ಮಂಜು ಬೆಳಕನ್ನು ತಡೆಯುತ್ತದೆ. ರೇಡಿಯೋ ಅಲೆಯನ್ನು ಅಷ್ಟಾಗಿ ತಡೆಯದು. ಜೋರುಮಳೆಯು ಅತಿ ಸೂಕ್ಷ್ಮವಾದ ರೇಡಿಯೋ ಅಲೆಗಳನ್ನು ನುಂಗುತ್ತದೆ. ಬೆಳಕನ್ನು ಮಂಜಿನಷ್ಟು ಕೆಡಿಸದು. ಕುಸಿದ ಗುಡ್ಡವು ಹೂತ ಎಳೆಯನ್ನು ಕಡಿಯುತ್ತದೆ. ಗಾಳಿಯಲ್ಲಿ ಹೋಗುವ ಎರಡನ್ನೂ ಮುಟ್ಟದು. ಈ ಮೂರನ್ನೂ ಜೊತೆಗೂಡಿಸಿ, ಒಂದು ಸೋತಾಗ ಮತ್ತೊಂದು ಕೈಹಿಡಿಯುವಂತೆ ಮಾಡಿದರೆ ಚದುರಿದ ಮನೆಗಳ ಈ ನಾಡಿಗೆ ನಿಜವಾದ ಉಪಕಾರವಾದೀತು. ಅದಕ್ಕೆ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಯಾವ ಗುಡ್ಡದಿಂದ ಯಾವ ಗುಡ್ಡವು ವರ್ಷದ ಎಷ್ಟು ದಿನ, ದಿನದ ಯಾವ ಹೊತ್ತು ಕಾಣುತ್ತದೆಯೆಂಬುದನ್ನು ಬರೆದಿಡುವುದು. ಹಾನ್ಲೆ, ಮೌಂಟ್ ಆಬು, ನೈನಿತಾಲುಗಳ ಗಾಳಿಯನ್ನು ಹೋಲಿಸಿ ಹಾನ್ಲೆಯೇ ಮೇಲೆಂದು ರಾಮನ್ ಸಂಶೋಧನಾಲಯದವರು ತೀರ್ಮಾನಿಸಿದ್ದು ಇಂತಹ ಅಳತೆಗಳ ಆಧಾರದಿಂದಲೇ. ಹೆತ್ತೂರಿನ ಶಾಲೆಯ ಮಕ್ಕಳೂ ತೋಟದ ಹಿರಿಯರೂ ಮಾಡಬಹುದಾದ ಅಳತೆಯಿದು. ನಡುಗುವ ಬೆಟ್ಟ, ಹತ್ತಿರ ಬರುವ ಬೆಟ್ಟ, ಮಂಜಿನಲ್ಲಿ ಮರೆಯಾಗುವ ಬೆಟ್ಟ, ಇವುಗಳನ್ನು ಅವರು ತಲೆಮಾರುಗಳಿಂದ ನೋಡುತ್ತಲೇ ಬಂದಿರುವರು. ಆ ನೋಟವು ತಾರೀಖಿನೊಡನೆ ಒಂದು ನೋಟುಪುಸ್ತಕಕ್ಕೆ ಏರಿದರೆ, ನಾಳೆ ಬೆಟ್ಟದ ಮೇಲೆ ದೀಪವಿಡಲು ಬರುವವರಿಗೆ ಅದಕ್ಕಿಂತ ದೊಡ್ಡ ನೆರವು ಬೇರೊಂದಿಲ್ಲ.